ಪೆನ್ಸಿಲ್ ಡ್ರ್ಯಾಗನ್: ರೆಕ್ಕೆ ಅಂಟಿಸಿದ ಹಾಗೆ ಕಾಣುತ್ತಿದೆ, ಎಲ್ಲಿ ತಪ್ಪುತ್ತಿದೆ?

ಗೆರೆಗಾರ
ಎ3 ಹಾಳೆ, 200 ಜಿಎಸ್‌ಎಂ. ನಾಲ್ಕು ಕಾಲು, ಎರಡು ರೆಕ್ಕೆಯ ಯುರೋಪಿಯನ್ ಮಾದರಿಯ ಡ್ರ್ಯಾಗನ್. ಬಂಡೆ ಮೇಲೆ ಕೂತಿದೆ. ಒಂದು ರೆಕ್ಕೆ ಅರ್ಧ ಬಿಚ್ಚಿದೆ, ಇನ್ನೊಂದು ಮಡಿಸಿದೆ, ಬಾಯಿ ತೆರೆದಿದೆ. ಬೆಳಕು ಎಡಗಡೆ ಮೇಲಿನಿಂದ.

ಮೂರು ಕಡೆ ಕೈಕೊಡುತ್ತಿದೆ. ರೆಕ್ಕೆ ಬೆನ್ನಿಗೆ ಗೋಂದು ಹಚ್ಚಿ ಅಂಟಿಸಿದ ಹಾಗಿದೆ. ಹುರುಪೆ ಬಿಡಿಸಿದ ಕೂಡಲೇ ಮೈ ಚಪ್ಪಟೆಯಾಗಿ ಮೀನಿನ ಬಲೆ ಹೊದಿಸಿದಂತೆ ಕಾಣುತ್ತದೆ. ತುಂಬಾ ಮೃದು ಸೀಸದ 8ಬಿ ಪೆನ್ಸಿಲ್ ಒತ್ತಿ ಹಾಕಿದ ಕಪ್ಪು, ಹಾಳೆ ಸ್ವಲ್ಪ ಓರೆ ಮಾಡಿದರೆ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತದೆ. ಯಾವುದನ್ನು ಮೊದಲು ಸರಿಮಾಡಲಿ?

ಮೂಳೆಮಾತು
ರೆಕ್ಕೆ. ಅದು ಕೂರದೆ ಹುರುಪೆಗೆ ಕೈ ಹಾಕಬೇಡಿ.

ಅಂಟಿಸಿದಂತೆ ಕಾಣುವುದಕ್ಕೆ ಕಾರಣ ಒಂದೇ: ರೆಕ್ಕೆಗೆ ಹೆಗಲು ಇಲ್ಲ. ಬೆನ್ನೆಲುಬಿನ ಪಕ್ಕದಿಂದ ನೇರವಾಗಿ ಒಂದು ಕೋಲು ಎದ್ದಿರುತ್ತದೆ. ಬೆನ್ನುಮೂಳೆಯುಳ್ಳ ಯಾವ ಪ್ರಾಣಿಯಲ್ಲೂ ಹಾರುವ ರೆಕ್ಕೆ ಹಾಗೆ ಹುಟ್ಟಿಲ್ಲ. ಹಕ್ಕಿಯದ್ದಾಗಲಿ ಬಾವಲಿಯದ್ದಾಗಲಿ, ರೆಕ್ಕೆ ಎಂದರೆ ಮುಂಗಾಲು. ಅದಕ್ಕೆ ಹೆಗಲ ಹಲಗೆ, ತೋಳಿನ ಮೂಳೆ, ಮೊಣಕೈ, ಮುಂಗೈ, ಮಣಿಕಟ್ಟು, ಬೆರಳು ಎಲ್ಲ ಇರಬೇಕು. ನಿಮ್ಮ ಡ್ರ್ಯಾಗನ್ನಿಗೆ ಆರು ಅವಯವ, ಅಂದರೆ ಎರಡು ಜೊತೆ ಹೆಗಲು. ಎರಡನೇ ಜೊತೆಗೆ ಎದೆಗೂಡಿನಲ್ಲಿ ಜಾಗ ಬಿಟ್ಟಿದ್ದೀರಾ ಅನ್ನುವುದೇ ಪ್ರಶ್ನೆ.

ಮಾಡುವ ಕ್ರಮ ಹೀಗೆ. ಗಟ್ಟಿ ಸೀಸದ 2ಎಚ್ ಪೆನ್ಸಿಲ್ಲಿನಲ್ಲಿ, ಕೈ ಒತ್ತದೆ, ಎದೆಗೂಡನ್ನು ಮೊಟ್ಟೆಯಾಕಾರದಲ್ಲಿ ಹಾಕಿ. ಮಾಮೂಲಿ ನಾಲ್ಕು ಕಾಲಿನ ಪ್ರಾಣಿಗೆ ಹಾಕುವ ಮೊಟ್ಟೆಗಿಂತ ಉದ್ದವನ್ನು ಮೂರನೇ ಒಂದು ಭಾಗ ಹೆಚ್ಚಿಸಿ, ಆಳವನ್ನೂ ಕೆಳಗೆ ಇಳಿಸಿ. ಮುಂಗಾಲಿನ ಹೆಗಲ ಹಲಗೆಯನ್ನು ಮೊಟ್ಟೆಯ ಮುಂದಿನ ತುದಿಗೆ, ಬೆಕ್ಕಿನದ್ದರ ಹಾಗೆ ಓರೆಯಾಗಿ ಒರಗಿಸಿ. ಅದರ ಹಿಂದೆ, ಒಂದು ಹಲಗೆಯ ಅಗಲ ಬಿಟ್ಟು, ಸ್ವಲ್ಪ ಮೇಲೆ, ರೆಕ್ಕೆಯ ಹಲಗೆ. ರೆಕ್ಕೆಯ ಕೀಲಿನಿಂದ ಎದೆಮೂಳೆಗೆ ಒಂದು ಗಟ್ಟಿ ಆಸರೆಮೂಳೆ ಇಳಿಸಿ. ಹಕ್ಕಿಗಳಲ್ಲಿ ಇದು ಇದೆ. ಇಲ್ಲದಿದ್ದರೆ ರೆಕ್ಕೆ ಬಡಿದಾಗ ಎದೆಗೂಡೇ ಒಳಗೆ ಕುಸಿಯುತ್ತದೆ. ಮುಗಿದ ಚಿತ್ರದಲ್ಲಿ ಈ ಮೂಳೆ ಕಾಣುವುದಿಲ್ಲ. ಆದರೂ ಹಾಕಿ, ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಹೇಳುವುದು ಅದೇ.

ಕೋಳಿಪುರಾಣ
ಮೂಳೆಮಾತು ಹೇಳಿದ ಎದೆಯ ಲೆಕ್ಕ ಅರ್ಥವಾಗಬೇಕಿದ್ದರೆ ಕೋಳಿ ಅಂಗಡಿಯಿಂದ ಚರ್ಮ ಸಮೇತ ಇಡೀ ಕೋಳಿ ತನ್ನಿ. ಅಂಗರಚನೆಯ ಪಾಠಕ್ಕೆ ಇಷ್ಟು ಅಗ್ಗದ ಮಾದರಿ ಬೇರೆ ಇಲ್ಲ, ಆಮೇಲೆ ಸಾರಿಗೂ ಆಗುತ್ತದೆ.

ಎದೆಯ ನಡುವೆ ದೋಣಿಯ ಅಡಿಯಂತೆ ಎದ್ದ ಮೂಳೆ ಮುಟ್ಟಿ ನೋಡಿ. ಎರಡೂ ಬದಿಯ ದಪ್ಪ ಎದೆಮಾಂಸ ರೆಕ್ಕೆಯನ್ನು ಕೆಳಗೆ ಬಡಿಯುವ ಸ್ನಾಯು. ಅದನ್ನು ಬಿಡಿಸಿದರೆ ಒಳಗೆ ಮೂಳೆಗೆ ಅಂಟಿಕೊಂಡು ಬೆರಳುದ್ದದ ಇನ್ನೊಂದು ತುಂಡು ಸಿಗುತ್ತದೆ, ಬಿಳಿ ನರದಂಥ ಎಳೆ ಇರುವುದು. ರೆಕ್ಕೆಯನ್ನು ಮೇಲೆತ್ತುವುದು ಅದು! ಇರುವುದು ಕೆಳಗೆ, ಎತ್ತುವುದು ಮೇಲಕ್ಕೆ. ಆ ಬಿಳಿ ಎಳೆ ಹೆಗಲಿನ ಮೂಳೆಗಳ ನಡುವಿನ ಕಿಂಡಿಯಲ್ಲಿ ನುಸುಳಿ ತೋಳಿನ ಮೇಲ್ಬದಿಗೆ ಅಂಟಿದೆ, ಬಾವಿಯ ರಾಟೆಯ ಮೇಲೆ ಹಗ್ಗ ಹೋದ ಹಾಗೆ.

ಹಾಗಾಗಿ ಹಾರುವ ಪ್ರಾಣಿಯ ತೂಕವೆಲ್ಲ ಎದೆಯಲ್ಲಿ. ಸುಮಾರು ಹಕ್ಕಿಗಳಲ್ಲಿ ಹಾರಾಟದ ಸ್ನಾಯು ಮೈತೂಕದ ಆರನೇ ಒಂದು ಭಾಗ ಬರುತ್ತದೆ. ಡ್ರ್ಯಾಗನ್ ಬಿಡಿಸುವವರು ಮಾಡುವ ತಪ್ಪು ಏನೆಂದರೆ ಎದೆಯನ್ನು ಬೇಟೆನಾಯಿಯ ಹಾಗೆ ಸಣ್ಣ ಮಾಡಿ, ಬೆನ್ನಿನ ಮೇಲೆ ಕುಸ್ತಿ ಪೈಲ್ವಾನನ ಮಾಂಸ ಪೇರಿಸುತ್ತಾರೆ. ತಿರುಗಿಸಿ.

ಕೋಳಿಯ ರೆಕ್ಕೆ ಹಿಡಿದು ಅಗಲಿಸುವಾಗ ಹೆಗಲಿಂದ ಮಣಿಕಟ್ಟಿಗೆ ಹಗ್ಗ ಕಟ್ಟಿದಂತೆ ಒಂದು ಚರ್ಮದ ಅಂಚು ಬಿಗಿಯಾಗುತ್ತದೆ. ಅದನ್ನು ಡ್ರ್ಯಾಗನ್ನಿಗೆ ತಪ್ಪದೆ ಹಾಕಿ. ಮೊಣಕೈಯ ಮುಂದಿನ ಒಳಮೂಲೆ ಖಾಲಿ ಬಿಟ್ಟರೆ ರೆಕ್ಕೆ ಮುರಿದ ಛತ್ರಿಯಂತೆ ಕಾಣುತ್ತದೆ.

ಬಾವಲಿಬಳಗ
ಒಂದು ತಿದ್ದುಪಡಿ. ಕೋಳಿಯ ರಾಟೆ ವ್ಯವಸ್ಥೆ ಹಕ್ಕಿಗಳದ್ದು. ಬಾವಲಿ ರೆಕ್ಕೆ ಎತ್ತುವುದು ಬೆನ್ನು ಮತ್ತು ಹೆಗಲಿನ ಮೇಲಿನ ಸ್ನಾಯುಗಳಿಂದ. ತೊಗಲಿನ ರೆಕ್ಕೆ ಕೊಟ್ಟಿದ್ದೀರಿ, ಆದ್ದರಿಂದ ಹಲಗೆಯ ಮೇಲೆ ಸ್ವಲ್ಪ ಉಬ್ಬು ಇದ್ದರೆ ತಪ್ಪೇನಿಲ್ಲ. ಎದೆಯೇ ಮುಖ್ಯ ಅನ್ನುವುದು ಮಾತ್ರ ಎರಡರಲ್ಲೂ ನಿಜ.

ಈಗ ರೆಕ್ಕೆಯ ಅಳತೆ. ಆಲದ ಮರದಲ್ಲಿ ನೇತಾಡುವ ದೊಡ್ಡ ಹಣ್ಣುಬಾವಲಿಯ ಫೋಟೊ ಎದುರಿಗಿಟ್ಟುಕೊಳ್ಳಿ. ಹೆಬ್ಬೆರಳು ಸಣ್ಣದು, ತೊಗಲಿನ ಹೊರಗೆ, ಕೊಕ್ಕೆಯಂಥ ಉಗುರಿನದ್ದು. ಮಿಕ್ಕ ನಾಲ್ಕು ಬೆರಳು ತೊಗಲಿನೊಳಗೆ. ಮೂರನೆಯದು ಎಲ್ಲಕ್ಕಿಂತ ಉದ್ದ, ರೆಕ್ಕೆಯ ತುದಿ ಅದೇ, ಮುಂಗೈಯ ಇಮ್ಮಡಿಗೆ ಹತ್ತಿರ. ಎರಡನೆಯದು ಗಿಡ್ಡ, ಮುಂದಿನ ಅಂಚನ್ನು ಬಿಗಿ ಹಿಡಿಯುತ್ತದೆ. ಐದನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ರೆಕ್ಕೆಯ ಅಗಲ ನಿರ್ಧಾರವಾಗುವುದೇ ಅದರಿಂದ. ಅದು ಗಿಡ್ಡವಾದರೆ ರೆಕ್ಕೆ ಪಟ್ಟಿಯಾಗುತ್ತದೆ.

ತಲೆಯನ್ನು ಅಳತೆಗೋಲು ಮಾಡಿಕೊಳ್ಳಿ: ತೋಳು ಒಂದೂಕಾಲು ತಲೆ, ಮುಂಗೈ ಎರಡು ತಲೆ, ಮೂರನೇ ಬೆರಳು ನಾಲ್ಕು ತಲೆ. ಎರಡೂ ರೆಕ್ಕೆ ಪೂರ್ತಿ ಬಿಚ್ಚಿದರೆ ಮೈಯ ಅಗಲ ಸೇರಿ ಹದಿನಾರು ತಲೆಯಷ್ಟಾಗುತ್ತದೆ. ಎ3 ಹಾಳೆಯ ಉದ್ದ 42 ಸೆಂ.ಮೀ. ಅದರಲ್ಲಿ ಪೂರ್ತಿ ಬಿಚ್ಚಿದ ರೆಕ್ಕೆ ಹಿಡಿಸಬೇಕೆಂದರೆ ತಲೆ ಎರಡೂವರೆ ಸೆಂ.ಮೀ.ಗೆ ಇಳಿಯುತ್ತದೆ, ಕಣ್ಣು ಸಾಸಿವೆ ಕಾಳು. ಅರ್ಧ ಬಿಚ್ಚಿದ ಭಂಗಿ ಆರಿಸಿದ್ದು ಒಳ್ಳೆಯದೇ ಆಯಿತು. ತಲೆ ನಾಲ್ಕೂವರೆ ಸೆಂ.ಮೀ. ಇಟ್ಟುಕೊಳ್ಳಬಹುದು.

ಗೆರೆಗಾರ
ಮಡಿಸಿದ ರೆಕ್ಕೆಯಲ್ಲಿ ಬೆರಳು ಇಷ್ಟುದ್ದ ಇಟ್ಟರೆ ಬಾಲದವರೆಗೆ ಚಾಚುತ್ತದಲ್ಲ?

ಬಾವಲಿಬಳಗ
ಚಾಚಲಿ. ಮಡಿಸಿದರೆ ಮೂಳೆ ಗಿಡ್ಡವಾಗುವುದಿಲ್ಲ, ಕೀಲು ಮಾತ್ರ ತಿರುಗುತ್ತದೆ. ಹೆಗಲಿಂದ ಮೊಣಕೈ ಹಿಂದಕ್ಕೆ, ಮೊಣಕೈಯಿಂದ ಮಣಿಕಟ್ಟು ಮುಂದಕ್ಕೆ, ಮಣಿಕಟ್ಟಿಂದ ಬೆರಳೆಲ್ಲ ಕಟ್ಟಾಗಿ ಮತ್ತೆ ಹಿಂದಕ್ಕೆ. ಮೂರು ಮಡಿಕೆ. ಮುಂಗೈ ತೋಳಿಗಿಂತ ಉದ್ದವಿರುವುದರಿಂದ ಮಣಿಕಟ್ಟು ಹೆಗಲನ್ನೂ ದಾಟಿ ಕುತ್ತಿಗೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಬೆರಳಿನ ತುದಿ ಸೊಂಟ ದಾಟಿ ಬಾಲದ ಬುಡ ಮುಟ್ಟಿದರೆ ಅಳತೆ ಸರಿಯಿದೆ ಅಂತ ತಿಳಿಯಿರಿ.

ಪರೀಕ್ಷೆಗೆ ಒಂದು ನೂಲು ಸಾಕು. ಬಿಚ್ಚಿದ ರೆಕ್ಕೆಯ ಪ್ರತಿ ಮೂಳೆಯ ಉದ್ದವನ್ನು ನೂಲಿನಲ್ಲಿ ಗುರುತು ಹಾಕಿ, ಮಡಿಸಿದ ರೆಕ್ಕೆಯ ಮೇಲಿಟ್ಟು ನೋಡಿ. ನೋಡುವವರ ಕಡೆಗೋ ಆಚೆಗೋ ಓರೆಯಾಗಿರುವ ಮೂಳೆ ಮಾತ್ರ ಗಿಡ್ಡ ಕಾಣಬಹುದು. ಮಿಕ್ಕವು ಗಿಡ್ಡವಾಗಿದ್ದರೆ ಅಳಿಸಿ.

ಧಾರವಾಡದಾವ್ರು
ಇಷ್ಟೆಲ್ಲಾ ತ್ರಾಸ ಯಾಕ್ರಿ? ಮುಂಗಾಲು ತಗದ್ ಹಾಕ್ರಿ. ಎರಡು ಕಾಲು, ಎರಡು ರೆಕ್ಕಿ. ಬ್ರಿಟನ್ನಿನ ಲಾಂಛನದ ಚಿತ್ರದಾಗ ಅದಕ್ಕ ವೈವರ್ನ್ ಅಂತ ಬ್ಯಾರೆ ಹೆಸರ ಐತಿ, ನಾಲ್ಕು ಕಾಲಿಂದಕ್ಕ ಅಷ್ಟ ಡ್ರ್ಯಾಗನ್ ಅಂತಾರ. ಹೆಗಲು ಒಂದ ಜೋಡಿ, ತಲಿಬ್ಯಾನಿ ಅರ್ಧ.

ಮೂಳೆಮಾತು
ಸುಲಭ ಹೌದು, ಆದರೆ ಅಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ. ವೈವರ್ನ್ ನೆಲದ ಮೇಲಿದ್ದಾಗ ರೆಕ್ಕೆಯೇ ಮುಂಗಾಲು. ಮಣಿಕಟ್ಟು ಊರಿ ನಡೆಯಬೇಕು, ಬೆರಳು ಹಿಂದಕ್ಕೆ ಮಡಿಸಿರಬೇಕು. ಹಳೆಯ ಕಾಲದ ಹಾರುವ ಸರೀಸೃಪಗಳಾದ ಟೆರೋಸಾರ್‌ಗಳು ಹಾಗೆಯೇ ನಾಲ್ಕೂ ಊರಿ ನಡೆಯುತ್ತಿದ್ದವು, ರೆಕ್ಕೆಯ ಬೆರಳು ಮೇಲಕ್ಕೆ ಮಡಿಸಿಕೊಂಡು. ಅವುಗಳಲ್ಲಿ ತೊಗಲನ್ನು ಹಿಡಿದಿದ್ದು ಒಂದೇ ಬೆರಳು, ನಾಲ್ಕನೆಯದು. ಮಿಕ್ಕ ಮೂರು ಪುಟ್ಟ ಬೆರಳು ನೆಲಕ್ಕೆ. ಬಾವಲಿಯಂಥ ಛತ್ರಿಕಡ್ಡಿ ರೆಕ್ಕೆ ಬೇಕೋ, ಟೆರೋಸಾರ್‌ನ ಒಂದೇ ಕಡ್ಡಿಯ ರೆಕ್ಕೆ ಬೇಕೋ ಮೊದಲೇ ತೀರ್ಮಾನಿಸಿ. ಎರಡನ್ನೂ ಬೆರೆಸಿದರೆ ಮಡಿಸುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಶಿಲಾಬಾಲಿಕೆ
ನಾಲ್ಕು ಕಾಲಿನದ್ದಕ್ಕೇ ಒಂದು ತಕರಾರು ಇದೆ. ರೆಕ್ಕೆಯ ಹಲಗೆ ಹಿಂದೆ ಇಡಿ ಅಂದಿರಿ. ಹಾಗೆ ಇಟ್ಟ ಚಿತ್ರಗಳಲ್ಲಿ ಮೈ ಉದ್ದವಾಗಿ ಗಿಡ್ಡ ಕಾಲಿನ ಡ್ಯಾಶ್‌ಹೌಂಡ್ ನಾಯಿ ಥರ ಆಗುತ್ತದೆ. ಮುಂಗಾಲಿನ ಹೆಗಲ ನೇರ ಮೇಲೆ ಇಟ್ಟರೆ ರೂಪ ಚೆನ್ನ, ಗತ್ತು ಇರುತ್ತದೆ.

ಮೂಳೆಮಾತು
ಗತ್ತು ಇರುತ್ತದೆ, ಒಪ್ಪಿದೆ. ಆದರೆ ನೇರ ಮೇಲಿಟ್ಟರೆ ಎದೆಯಿಂದ ರೆಕ್ಕೆಗೆ ಹೋಗುವ ಸ್ನಾಯು ಮುಂಗಾಲಿನ ಹಲಗೆಯ ಅಡಿಯಲ್ಲಿ ತೂರಬೇಕು. ನಡೆಯುವಾಗ ಆ ಹಲಗೆ ಹಿಂದೆ ಮುಂದೆ ಜಾರುತ್ತದೆ, ಬೆಕ್ಕು ಹೊಂಚುವಾಗ ನೋಡಿರುತ್ತೀರಿ. ಅಡಿಯಲ್ಲಿ ಅಷ್ಟು ದಪ್ಪ ಮಾಂಸಕ್ಕೆ ಜಾಗ ಎಲ್ಲಿ? ಹಿಂದಿಟ್ಟರೆ ಸ್ನಾಯು ಕಂಕುಳ ಹಿಂದೆ ಬೀಸಣಿಗೆಯ ಹಾಗೆ ಹರಡಿ ಸಲೀಸಾಗಿ ಏರುತ್ತದೆ, ಹೊರಗೂ ಕಾಣುತ್ತದೆ. ಅಂಟಿಸಿದಂತೆ ಕಾಣುವ ರೋಗಕ್ಕೆ ಅದೇ ಮದ್ದು.

ಇನ್ನೊಂದು, ತೂಕದ ಮಧ್ಯಬಿಂದು. ಹಾರುವಾಗ ಮೈ ರೆಕ್ಕೆಯಿಂದ ತೂಗುಬಿದ್ದಿರುತ್ತದೆ. ರೆಕ್ಕೆಯ ಬುಡ ತೀರಾ ಮುಂದಿದ್ದರೆ ಹಿಂಭಾಗ ಜೋತುಬೀಳುತ್ತದೆ. ಕತ್ತು, ಬಾಲ ಎರಡೂ ಸೇರಿಸಿ ತೂಗಿ ನೋಡಿದಂತೆ ಬುಡವನ್ನು ಇಡಿ. ಡ್ಯಾಶ್‌ಹೌಂಡ್ ಆಗದಿರಲು ಉಪಾಯ: ಎದೆಗೂಡು ಉದ್ದ ಮಾಡಿದಷ್ಟನ್ನು ಹೊಟ್ಟೆಯಲ್ಲಿ ಕಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಅರ್ಧ ತಲೆ ಸಾಕು. ಹಕ್ಕಿಗಳಲ್ಲಿ ಅಷ್ಟೂ ಇರುವುದಿಲ್ಲ.

ಶಿಲಾಬಾಲಿಕೆ
ಸ್ನಾಯುವಿನ ವಾದ ಸರಿ. ಆದರೂ ಎದುರಿನಿಂದ ಬಿಡಿಸುವಾಗ ಹಿಂದಿನ ಹೆಗಲು ಮರೆಯಾಗಿ ರೆಕ್ಕೆ ಎಲ್ಲಿಂದ ಬಂತು ಅನ್ನುವುದೇ ತಿಳಿಯುವುದಿಲ್ಲ. ಆ ಕೋನಕ್ಕೆ ಮೇಲೆಯೇ ಇಡುತ್ತೇನೆ.

ಚಿಕ್ಕಪ್ರಶ್ನೆ
ಇಷ್ಟು ದೊಡ್ಡದು ಹಾರುವುದೇ ಸುಳ್ಳು. ಮತ್ತೆ ಸ್ನಾಯು ಸರಿ ಹಾಕಿ ಏನು ಪ್ರಯೋಜನ?

ಬಾವಲಿಬಳಗ
ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಅದಕ್ಕೇ ಈಗಿರುವ ಹಾರುವ ಹಕ್ಕಿಗಳಲ್ಲಿ ಅತಿ ಭಾರದ ಬಸ್ಟರ್ಡ್‌ಗಳು 18-19 ಕೆಜಿಯ ಆಸುಪಾಸಿಗೆ ನಿಂತಿವೆ. ಅಮೆರಿಕದ ಟೆಕ್ಸಸ್‌ನಲ್ಲಿ ಸಿಕ್ಕ ಕ್ವೆಟ್ಜಲ್‌ಕೋಟ್ಲಸ್ ಎಂಬ ಟೆರೋಸಾರ್‌ನ ರೆಕ್ಕೆಯ ಹರವು ಸುಮಾರು 10 ಮೀಟರ್. ಡ್ರ್ಯಾಗನ್ನಿಗೆ ಆನೆಯ ಗಾತ್ರ ಕೊಟ್ಟರೆ ಲೆಕ್ಕ ಕೂರುವುದಿಲ್ಲ. ಕುದುರೆಯಷ್ಟು ಉದ್ದ, ಒಣಕಲು ಮೈ, ಟೊಳ್ಳು ಮೂಳೆ ಅಂತ ಮನಸ್ಸಲ್ಲಿಟ್ಟುಕೊಂಡು ಬಿಡಿಸಿದರೆ ಕಣ್ಣು ಒಪ್ಪುತ್ತದೆ. ಬಂಡೆಯ ಬಿರುಕಿನಲ್ಲಿ ಹುಲ್ಲು, ಪಕ್ಕದಲ್ಲಿ ಒಂದು ಪಾರಿವಾಳ ಹಾಕಿದರೆ ಗಾತ್ರ ತಾನಾಗಿ ತಿಳಿಯುತ್ತದೆ.

ಮಲೆನಾಡ_ಓತಿ
ರೆಕ್ಕೆಯೂ ಬೇಕು, ನಾಲ್ಕು ಕಾಲೂ ಬೇಕು, ಎರಡನೇ ಹೆಗಲು ಬೇಡ ಅನ್ನುವವರಿಗೆ ಉತ್ತರ ಅಡಿಕೆ ತೋಟದಲ್ಲೇ ಇದೆ. ಹಾರುವ ಓತಿ. ಅದರ ‘ರೆಕ್ಕೆ’ ಕೈಯಿಂದ ಬಂದದ್ದಲ್ಲ, ಐದಾರು ಪಕ್ಕೆಲುಬುಗಳು ಹೊರಕ್ಕೆ ಉದ್ದ ಬೆಳೆದು ತೊಗಲು ಹಿಡಿದಿವೆ. ಕಾಲು ನಾಲ್ಕೂ ಹಾಗೇ ಇವೆ. ಇದರ ವೈಜ್ಞಾನಿಕ ಕುಲದ ಹೆಸರೇ ಡ್ರಾಕೊ, ಲ್ಯಾಟಿನ್ನಿನಲ್ಲಿ ಡ್ರ್ಯಾಗನ್! ಬಡಿದು ಹಾರಲು ಆಗುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಸಣ್ಣ ಡ್ರ್ಯಾಗನ್ ಮರಿ ಬಿಡಿಸುವವರಿಗೆ ಇದಕ್ಕಿಂತ ಅಚ್ಚುಕಟ್ಟು ಮಾದರಿ ಇಲ್ಲ. ಗಂಡಿನ ಗಂಟಲ ಹಳದಿ ಚೀಲವನ್ನೂ ಸೇರಿಸಿ, ಪೆನ್ಸಿಲ್ಲಿನಲ್ಲಿ ಹಳದಿ ಬರದಿದ್ದರೂ ಆಕಾರ ಸೊಗಸು.

ಕರಾವಳಿ_ಕುಂಚ
ರೆಕ್ಕೆ ಆಯ್ತಲ್ಲ ಮಾರಾಯ್ರೆ, ಬಾಯಿ ಯಾರು ನೋಡುವುದು? ಹತ್ತರಲ್ಲಿ ಎಂಟು ಚಿತ್ರ ಹಾಳಾಗುವುದು ದವಡೆಯ ತಿರುಗಣಿಯಲ್ಲಿ. ಅದನ್ನು ಕಣ್ಣಿನ ಕೆಳಗೆ ಹಾಕ್ತಾರೆ. ಮೊಸಳೆಯ ತಲೆಬುರುಡೆ ನೋಡಿ, ತಿರುಗಣಿ ಕಣ್ಣಿಗಿಂತ ಎಷ್ಟೋ ಹಿಂದೆ, ಬುರುಡೆಯ ಕೊನೆಯಲ್ಲೇ ಉಂಟು. ಅಲ್ಲಿ ಕೈವಾರದ ಮುಳ್ಳು ಊರಿ ಕೆಳದವಡೆಯ ತುದಿಯಿಂದ ಒಂದು ಕಮಾನು ಎಳೆಯಿರಿ. ಬಾಯಿ ಎಷ್ಟೇ ತೆರೆಯಲಿ, ದವಡೆಯ ತುದಿ ಆ ಕಮಾನಿನ ಮೇಲೆಯೇ ಇರಬೇಕು. ಕಮಾನಿನ ಹೊರಗೆ ಹೋದರೆ ದವಡೆ ಬೆಳೆಯಿತು ಅಂತ ಅರ್ಥ.

ತೆರೆದ ಬಾಯಿಯ ಮೂಲೆಯಲ್ಲಿ ಚರ್ಮ ಎಳೆದು ಎರಡು ಮೂರು ಮಡಿಕೆ ಬೀಳ್ತದೆ, ತಿರುಗಣಿಯ ಹಿಂದೆ ಕೆಳಗೆ ಮೊಸಳೆಗೆ ಒಂದು ಉಬ್ಬು ಉಂಟು. ಬಾಯಿ ಮುಚ್ಚುವ ಸ್ನಾಯು ಅದು. ಅದನ್ನು ಬಿಟ್ಟರೆ ಕಚ್ಚುವ ಬಲ ಕಾಣುವುದಿಲ್ಲ.

ತುಟಿಯ ವಿಷಯ ಮೊದಲೇ ನಿರ್ಧರಿಸಿ. ಉಡಕ್ಕೆ ತುಟಿ ಉಂಟು, ಬಾಯಿ ಮುಚ್ಚಿದರೆ ಹಲ್ಲು ಕಾಣುವುದಿಲ್ಲ. ಮೊಸಳೆಗೆ ಇಲ್ಲ, ಕೆಳದವಡೆಯ ನಾಲ್ಕನೇ ಹಲ್ಲು ಹೊರಗೇ ಕಾಣ್ತದೆ. ನಾಲಿಗೆಯೂ ಹಾಗೆ. ಉಡದ್ದು ಸೀಳಿದ ನಾಲಿಗೆ, ಉದ್ದ ಚಾಚ್ತದೆ. ಮೊಸಳೆಯ ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡದ್ದು, ಹೊರಗೆ ಬರುವುದೇ ಇಲ್ಲ. ಮೊಸಳೆಯ ಮುಸುಡಿಗೆ ಹಾವಿನ ನಾಲಿಗೆ ಹಾಕಿದರೆ ಗೊತ್ತಿದ್ದವರು ನಗ್ತಾರೆ.

ಚಿಕ್ಕಪ್ರಶ್ನೆ
ಕಣ್ಣಿನ ಪಾಪೆ ಸೀಳಾಗಿಯೇ ಇರಬೇಕಾ?

ಕರಾವಳಿ_ಕುಂಚ
ಬೇಕಂತಿಲ್ಲ. ಮೊಸಳೆ, ಬೆಕ್ಕಿಗೆ ಉದ್ದ ಸೀಳು. ಉಡ, ಗರುಡಕ್ಕೆ ದುಂಡು. ಎತ್ತರದಿಂದ ಬೇಟೆ ಹುಡುಕುವ ಡ್ರ್ಯಾಗನ್ನಿಗೆ ದುಂಡು ಪಾಪೆ, ಅದರ ಮೇಲೆ ಗರುಡನ ಹಾಗೆ ಚಾಚಿದ ಹುಬ್ಬಿನ ಮೂಳೆ ಕೊಟ್ಟು ನೋಡಿ, ಸೀಳಿಗಿಂತ ಹೆಚ್ಚು ಹೆದರಿಕೆ ಆಗ್ತದೆ. ಹುಬ್ಬಿನ ನೆರಳು ಕಣ್ಣುಗುಡ್ಡೆಯ ಮೇಲ್ಭಾಗಕ್ಕೆ ಬೀಳಲೇಬೇಕು. ಹೊಳಪಿನ ಚುಕ್ಕೆ ಒಂದೇ, ನಿಮ್ಮ ಬೆಳಕು ಎಡದಿಂದ ಅಂದಿರಿ, ಹಾಗಾದರೆ ಪಾಪೆಯ ಎಡ ಮೇಲಂಚಿನಲ್ಲಿ. ಅಲ್ಲಿ ಹಾಳೆಯ ಬಿಳಿಯನ್ನೇ ಉಳಿಸಿ, ಆಮೇಲೆ ರಬ್ಬರಿನಲ್ಲಿ ತೆಗೆಯುತ್ತೇನೆ ಅಂದ್ಕೊಂಡರೆ ಬೂದು ಉಳೀತದೆ.

ಶಿಲಾಬಾಲಿಕೆ
ಬೇಲೂರು, ಹಳೇಬೀಡಿನ ಮಕರಗಳನ್ನು ಯಾರೂ ಎತ್ತಲಿಲ್ಲವಲ್ಲ. ಮೊಸಳೆಯ ದವಡೆ, ಆನೆಯ ಸೊಂಡಿಲು, ಬಳ್ಳಿಯಾಗಿ ಬಿಚ್ಚಿಕೊಳ್ಳುವ ಬಾಲ. ಬೇರೆ ಬೇರೆ ಪ್ರಾಣಿಯನ್ನು ಹೊಲಿಗೆ ಕಾಣದಂತೆ ಸೇರಿಸುವುದು ಹೇಗೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಉಂಟೇ?

ಮೂಳೆಮಾತು
ಸೇರಿಸುವ ಜಾಣ್ಮೆಗೆ ನೋಡಿ, ಮೂಳೆಗೆ ನೋಡಬೇಡಿ. ಶಿಲ್ಪಿಗೆ ಬೇಕಿದ್ದುದು ಪಟ್ಟಿಕೆಯ ಲಯ. ದವಡೆ ಸುರುಳಿಯಾಗಿದ್ದರೆ ಅವನಿಗೆ ಚೆಂದ, ನಿಮಗೆ ತಿರುಗಣಿ ಸಿಗುವುದಿಲ್ಲ. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದನ್ನೇ ಬೇರೆ ದಾರಿಯಿಂದ ಹೇಳಿದ್ದಾನೆ: ಕಲ್ಪನೆಯ ಪ್ರಾಣಿ ಸಹಜವಾಗಿ ಕಾಣಬೇಕಾದರೆ ಅದರ ಒಂದೊಂದು ಅಂಗವೂ ಯಾವುದಾದರೂ ನಿಜವಾದ ಪ್ರಾಣಿಯದ್ದಾಗಿರಬೇಕು. ಡ್ರ್ಯಾಗನ್ನನ್ನೇ ಉದಾಹರಣೆ ಕೊಟ್ಟು ನಾಯಿಯ ತಲೆ, ಬೆಕ್ಕಿನ ಕಣ್ಣು, ನೀರಾಮೆಯ ಕತ್ತು ಅಂತ ಪಟ್ಟಿ ಮಾಡಿದ್ದಾನೆ.

ಹಿಂಗಾಲಿನ ಬಗ್ಗೆ ಒಂದೇ ಮಾತು. ಹಿಂದಕ್ಕೆ ಬಾಗಿದ ಕೀಲು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಹೊಟ್ಟೆಯ ಹತ್ತಿರ, ಮುಂದಕ್ಕೆ. ಕೂತ ಭಂಗಿಯಲ್ಲಿ ತೊಡೆ, ಕಣಕಾಲು, ಪಾದ ಮೂರೂ ಹೆಚ್ಚುಕಡಿಮೆ ಒಂದೇ ಉದ್ದ ಇಟ್ಟರೆ ಮಡಿಕೆ ಸರಿ ಕೂರುತ್ತದೆ.

ಹುರುಪೆಶೆಟ್ಟಿ
ಈಗ ಮೀನಿನ ಬಲೆಗೆ ಬರೋಣ.

ಬಲೆ ಕಾಣುವುದು ಎರಡು ಕಾರಣಕ್ಕೆ. ಗೆರೆಗಳು ಮೈಯ ಉಬ್ಬುತಗ್ಗಿನ ಮೇಲೆ ಸುತ್ತದೆ ನೇರ ಹೋಗಿವೆ. ಎರಡನೆಯದು, ಮೈಯೆಲ್ಲ ಒಂದೇ ಅಳತೆಯ ಹುರುಪೆ.

ಮೊದಲು ಇಡೀ ಮೈಗೆ ಹುರುಪೆಯಿಲ್ಲದೆ ಬೆಳಕು ನೆರಳು ಮುಗಿಸಿ, ಎಚ್‌ಬಿ ಮತ್ತು 2ಬಿಯಲ್ಲಿ. ನುಣ್ಣನೆ ಮಣ್ಣಿನ ಗೊಂಬೆಯಂತೆ ದುಂಡಗೆ ಕಾಣಬೇಕು. ಹಾಗೆ ಕಾಣದಿದ್ದರೆ ಹುರುಪೆ ಹಾಕಿಯೂ ಕಾಣುವುದಿಲ್ಲ. ಆಮೇಲೆ ಮೈಯನ್ನು ವಲಯ ಮಾಡಿಕೊಳ್ಳಿ. ಬೆನ್ನಿಗೆ ಮೊಸಳೆಯ ಮೂಳೆಫಲಕ. ನಮ್ಮ ಮಗ್ಗರ್ ಮೊಸಳೆಯ ಬೆನ್ನಿನಲ್ಲಿ ಸಾಮಾನ್ಯವಾಗಿ 16 ಅಡ್ಡಸಾಲು, 4 ಉದ್ದಸಾಲು. ಕುತ್ತಿಗೆಯ ಮೇಲೆ ನಾಲ್ಕು ದೊಡ್ಡ ಫಲಕ ಚೌಕವಾಗಿ ಬೇರೆಯೇ ಕೂತಿರುತ್ತವೆ. ಬಾಲದ ಮೇಲಿನ ಎರಡು ಏಣುಸಾಲು ಅರ್ಧದಾರಿಯಲ್ಲಿ ಕೂಡಿ ಒಂದಾಗುತ್ತದೆ. ಈ ಒಂದು ವಿವರ ಹಾಕಿದರೆ ಸಾಕು, ಬಾಲ ನಿಜವಾಗಿಬಿಡುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಫೋಟೊಗಳಲ್ಲಿ ಇದೆಲ್ಲ ಎಣಿಸುವಷ್ಟು ಸ್ಪಷ್ಟ. ಪಕ್ಕೆಗೆ ಉಡದ ಹಾಗೆ ಸಣ್ಣ ಮಣಿ. ಹೊಟ್ಟೆಗೆ ಹಾವಿನ ಹಾಗೆ ಅಗಲ ಪಟ್ಟಿ. ಮೊಣಕೈ, ಕಂಕುಳ, ರೆಪ್ಪೆ, ಬಾಯಿಯ ಮೂಲೆ, ಅಂದರೆ ಮಡಿಯುವ ಜಾಗದಲ್ಲೆಲ್ಲ ಹುರುಪೆ ಅತಿ ಸಣ್ಣದು. ಮಡಿಕೆಯ ಮೇಲೆ ದೊಡ್ಡ ಫಲಕ ಹಾಕಿದರೆ ಅಲ್ಲಿ ಪ್ರಾಣಿ ಕಾಲು ಮಡಿಸಲಾರದು.

ಗೆರೆ ಹಾಕುವುದು ಹೀಗೆ. ಮೈ ಸುತ್ತ ಎರಡು ದಿಕ್ಕಿನಿಂದ ಓರೆ ಸುರುಳಿ ಎಳೆಯಿರಿ, ಅನಾನಸ್ ಹಣ್ಣಿನ ಮೇಲಿರುವಂತೆ. ಅಂಚಿಗೆ ಹೋದಂತೆ ಗೆರೆಗಳು ಹತ್ತಿರ ಬರಬೇಕು, ನಡುವೆ ದೂರ. ಎರಡೂ ಕೂಡಿದಲ್ಲಿ ಶಂಕರಪೋಳಿ ಆಕಾರದ ಮನೆ ಬರುತ್ತದೆ, ಅದರ ಬಾಲದ ಕಡೆಯ ಎರಡು ಬದಿ ಮಾತ್ರ ದುಂಡಗೆ ಮಾಡಿ. ಹುರುಪೆ ಯಾವಾಗಲೂ ತಲೆಯಿಂದ ಬಾಲದ ಕಡೆಗೆ ಹೆಂಚು ಹೊದಿಸಿದಂತೆ. ಕಾಲಿನ ಮೇಲೆ ಪಾದದ ಕಡೆಗೆ.

ಇನ್ನು ಮುಖ್ಯ ಗುಟ್ಟು: ಎಲ್ಲ ಹುರುಪೆ ಬಿಡಿಸಬೇಡಿ. ಬೆಳಕು ನೆರಳಿಗೆ ತಿರುಗುವ ಪಟ್ಟಿಯಲ್ಲಿ ಮಾತ್ರ ಪೂರ್ತಿ ಬಿಡಿಸಿ. ಬೆಳಕಿನ ಕಡೆ ಅಲ್ಲೊಂದು ಇಲ್ಲೊಂದು ಅಂಚು ಸಾಕು, ಕಡುನೆರಳಲ್ಲಿ ಎಲ್ಲ ಮುಳುಗಲಿ. ಎ3ಯಲ್ಲಿ ಎರಡು ಮಿ.ಮೀ.ಗಿಂತ ಸಣ್ಣ ಹುರುಪೆಗೆ ಆಕಾರ ಕೊಡಲು ಹೋಗಬೇಡಿ, ಚುಕ್ಕಿ ಮತ್ತು ಸಣ್ಣ ಕೊಂಕುಗೆರೆ ಸಾಕು. ಪ್ರತಿ ಹುರುಪೆಗೆ ಸುತ್ತ ಒಂದೇ ದಪ್ಪದ ಗೆರೆ ಬೇಡ. ಕೆಳಗಿನ ಅಂಚಿಗೆ 4ಬಿ ನೆರಳು, ಮೇಲಿನ ಅಂಚು ಖಾಲಿ.

ಕೈ ಪಳಗಿಸಲು ಸೀತಾಫಲ, ಹಲಸಿನ ಸಿಪ್ಪೆಯ ಚಿತ್ರ ಬಿಡಿಸಿ. ತಮಾಷೆಯ ಮಾತಲ್ಲ, ಉಬ್ಬಿನ ಮೇಲೆ ಉಬ್ಬು ಕೂರಿಸುವ ಲೆಕ್ಕ ಅಷ್ಟೂ ಅಲ್ಲಿದೆ.

ಮಲೆನಾಡ_ಓತಿ
ಹೆಂಚಿನಂತೆ ಹೊದ್ದ ದೊಡ್ಡ ಹುರುಪೆ ಬೇಕಿದ್ದರೆ ಚಿಪ್ಪುಹಂದಿ ನೋಡಿ. ಭಾರತದ ಜಾತಿಗೆ ಬೆನ್ನಿನ ಮೇಲೆ 11ರಿಂದ 13 ಸಾಲು, ಪ್ರತಿ ಚಿಪ್ಪಿನ ಮೇಲೆ ಉದ್ದುದ್ದ ಗೀರು. ನೋಡಿ ಅಂದದ್ದು ಫೋಟೊದಲ್ಲಿ. ಉಡ, ಚಿಪ್ಪುಹಂದಿ ಎರಡೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಚಿತ್ರಕ್ಕೆಂದು ಹಿಡಿದು ತಂದರೆ ಜೈಲು.

ಬಾವಲಿಬಳಗ
ತೊಗಲಿಗೆ ಹುರುಪೆ ಹಾಕಬೇಡಿ, ದಯವಿಟ್ಟು. ಬೆರಳಿನ ಮೇಲೆ ಬೇಕಿದ್ದರೆ ಮೂರು ನಾಲ್ಕು ಸಾಲು ಹಾಕಿ ಮಣಿಕಟ್ಟಿನಿಂದ ದೂರ ಹೋದಂತೆ ಕರಗಿಸಿ.

ತೊಗಲಿನ ಅಂಚು ಎರಡು ಬೆರಳಿನ ನಡುವೆ ಒಳಕ್ಕೆ ಬಾಗಿರಬೇಕು. ಹೊರಕ್ಕೆ ಉಬ್ಬಿದರೆ ಗಾಳಿ ತುಂಬಿದ ಚೀಲ. ಸುಕ್ಕು ಹುಟ್ಟುವುದು ಎಳೆತ ಇರುವ ಬಿಂದುವಿನಿಂದ: ಮಣಿಕಟ್ಟು, ಮೊಣಕೈ, ಬೆರಳಿನ ತುದಿ. ಅಲ್ಲಿಂದ ಕಿರಣದಂತೆ ಹರಡುತ್ತದೆ. ಕಿಟಕಿ ಪರದೆಯ ಥರ ಮೇಲಿಂದ ಕೆಳಗೆ ದಪ್ಪ ನೆರಿಗೆ ಹಾಕುವವರಿದ್ದಾರೆ. ಬಾವಲಿಯ ತೊಗಲಿನೊಳಗೆ ರಬ್ಬರಿನಂಥ ಎಳೆಗಳಿವೆ, ರೆಕ್ಕೆ ಅರ್ಧ ಮಡಿಸಿದಾಗ ಅದು ಜೋತುಬೀಳದೆ ಸಣ್ಣ ಸಣ್ಣ ಸುಕ್ಕಾಗಿ ಕುಗ್ಗುತ್ತದೆ. ಒಳಬದಿಯಲ್ಲಿ ತೊಗಲು ಪಕ್ಕೆಯುದ್ದಕ್ಕೂ ತೊಡೆಯವರೆಗೆ ಅಂಟಿರಲಿ. ಒಂದೇ ಬಿಂದುವಿಗೆ ಕಟ್ಟಿದರೆ ಮತ್ತೆ ನಿಮ್ಮ ಗೋಂದಿನ ಸಮಸ್ಯೆ ಬರುತ್ತದೆ.

ಹಿಂದಿನಿಂದ ಬೆಳಕು ಬಿದ್ದರೆ ತೊಗಲು ತಿಳಿ, ಮೂಳೆ ಕಡು. ಮುಂದಿನಿಂದ ಬಿದ್ದರೆ ಮೂಳೆಯ ಬೆನ್ನು ಹೊಳೆದು ಪಕ್ಕದ ತೊಗಲು ನೆರಳು. ಒಂದೇ ರೆಕ್ಕೆಯಲ್ಲಿ ಎರಡನ್ನೂ ಬೆರೆಸಿದ ಚಿತ್ರಗಳು ದಂಡಿಯಾಗಿವೆ.

2ಬಿ_ಸಾಕು
ಹೊಳೆಯುವ ಕಪ್ಪಿನ ಬಗ್ಗೆ. ಪೆನ್ಸಿಲ್ಲಿನ ಗ್ರಾಫೈಟ್ ಪದರಪದರವಾದ ವಸ್ತು. ಒತ್ತಿದರೆ ಪದರಗಳು ಹಾಳೆಗೆ ಸಮತಟ್ಟಾಗಿ ಮಲಗಿ ಕನ್ನಡಿಯಂತೆ ಬೆಳಕು ಹಿಂತಿರುಗಿಸುತ್ತವೆ. 8ಬಿ ಬದಲು 10ಬಿ ತಂದರೂ ಇದೇ ಕಥೆ. ಒತ್ತಡ ಕಮ್ಮಿ ಮಾಡಿ, ಪದರ ಜಾಸ್ತಿ ಮಾಡಿ: 2ಬಿ ಎರಡು ಸಲ, ದಿಕ್ಕು ಬದಲಿಸಿ 4ಬಿ ಎರಡು ಸಲ, ತುದಿ ಯಾವಾಗಲೂ ಚೂಪು. ಮೆಂಡರ್ ಬದಲು ಬ್ಲೇಡಿನಲ್ಲಿ ಒಂದು ಸೆಂ.ಮೀ. ಸೀಸ ಹೊರಗೆ ಬರುವಂತೆ ಕೆತ್ತಿ, ಉಪ್ಪುಕಾಗದದಲ್ಲಿ ತಿರುವಿದರೆ ತುದಿ ಹೆಚ್ಚು ಹೊತ್ತು ಬಾಳುತ್ತದೆ.

ಬಾಯಿಯ ಒಳಗು, ಮೂಗಿನ ಹೊಳ್ಳೆ, ಮಡಿಸಿದ ರೆಕ್ಕೆಯ ಸಂದು, ಈ ಮೂರು ಕಡೆ ಮಾತ್ರ ಕಡುಗಪ್ಪು ಬೇಕು. ಅಲ್ಲಿಗೆ ಇಂಗಾಲ ಹೆಚ್ಚಿರುವ ಪೆನ್ಸಿಲ್ ಬಳಸಿ, ಸ್ಟೆಡ್ಲರ್ ಲುಮೋಗ್ರಾಫ್ ಬ್ಲ್ಯಾಕ್ ಥರದ್ದು, ಇಲ್ಲವೇ ಚಾರ್ಕೋಲ್ ಪೆನ್ಸಿಲ್. ಆದರೆ ಗ್ರಾಫೈಟ್‌ಗಿಂತ ಮೊದಲು, ಬರಿ ಹಾಳೆಯ ಮೇಲೆ ಹಾಕಬೇಕು ಗುರು. ಗ್ರಾಫೈಟ್ ಬಳಿದು ನುಣುಪಾದ ಜಾಗದಲ್ಲಿ ಚಾರ್ಕೋಲ್ ಹಿಡಿಯಲ್ಲ, ಜಾರುತ್ತದೆ.

ಗೆರೆಗಾರ
ಈಗಾಗಲೇ ಹೊಳೆಯುತ್ತಿರುವ ಜಾಗ ಉಳಿಸಿಕೊಳ್ಳಬಹುದಾ? ತೊಗಲಿನ ಮೇಲೆ ಸಣ್ಣ ರಕ್ತನಾಳ ಬಿಳಿಯಾಗಿ ತೋರಿಸುವುದು ಹೇಗೆ?

2ಬಿ_ಸಾಕು
ಹೊಳೆಯುವ ಜಾಗಕ್ಕೆ ಹಿಟ್ಟಿನಂತೆ ನಾದಬಹುದಾದ ರಬ್ಬರ್ ಒತ್ತಿ ಎತ್ತಿ, ಉಜ್ಜಬೇಡಿ. ನಾಲ್ಕೈದು ಸಲ ಒತ್ತಿದರೆ ಅರ್ಧ ಸೀಸ ಬರುತ್ತದೆ. ನಂತರ ಸೀಸ ಅಳಿಸದಂತೆ ಹಾಳೆಗೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ, ಮೇಲೆ ಮತ್ತೆ ಗೆರೆ ಹಾಕಲು ಬರುವ ಬಗೆಯದ್ದು, 30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಸಲ. ಒಣಗಿದ ಮೇಲೆ ಮೇಲ್ಮೈ ಸ್ವಲ್ಪ ಒರಟಾಗಿ ಇಂಗಾಲದ ಪೆನ್ಸಿಲ್ ಹಿಡಿಯುತ್ತದೆ. ಕಿಟಕಿ ತೆಗೆದಿಟ್ಟು ಹೊಡೆಯಿರಿ. ಸ್ಪ್ರೇ ಆದಮೇಲೆ ಆ ಜಾಗವನ್ನು ಅಳಿಸಲು ಬರುವುದಿಲ್ಲ, ನೆನಪಿರಲಿ. ಬಾಯಿಯ ಒಳಗನ್ನು ಉಳಿಸಿಕೊಳ್ಳಬಹುದು, ಹಾಳೆಯ ನಾರು ಕಿತ್ತುಬಂದಿದ್ದರೆ ಮಾತ್ರ ಬೇರೆ ಹಾಳೆ.

ರಕ್ತನಾಳಕ್ಕೆ ರಬ್ಬರ್ ಬೇಡ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಶೇಡಿಂಗ್‌ಗೆ ಮೊದಲೇ ಹಾಳೆಯ ಮೇಲೆ ಗೆರೆ ಒತ್ತಿ. ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಮೇಲೆ 2ಬಿ ಪೆನ್ಸಿಲ್ಲನ್ನು ಮಲಗಿಸಿ ಓಡಿಸಿದರೆ ತಗ್ಗು ಬಿಳಿಯಾಗಿಯೇ ಉಳಿಯುತ್ತದೆ. ಬೆರಳಲ್ಲಿ ತಿಕ್ಕಬೇಡಿ, ಬೆರಳಿನ ಎಣ್ಣೆ ಕಲೆ ಕಟ್ಟುತ್ತದೆ, ಪುಡಿಯೂ ತಗ್ಗಿಗೆ ತುಂಬುತ್ತದೆ. ನಾಳ ಮಣಿಕಟ್ಟಿನಿಂದ ಕವಲೊಡೆಯುತ್ತ ಅಂಚಿಗೆ ಹೋದಂತೆ ತೆಳುವಾಗಲಿ, ಅಶ್ವತ್ಥದ ಎಲೆಯ ನರದ ಹಾಗೆ. ಒಮ್ಮೆ ಒತ್ತಿದ ಗೆರೆ ಹೋಗಲ್ಲ, ಅದಕ್ಕೆ ಮೊದಲು ಬೇರೆ ಹಾಳೆಯ ತುಂಡಿನ ಮೇಲೆ ಒತ್ತಿ ನೋಡಿ.

ಹುರುಪೆಶೆಟ್ಟಿ
ಕೈಯ ಅಡಿಗೆ ಒಂದು ಬಿಳಿ ಹಾಳೆ ಇಟ್ಟುಕೊಳ್ಳಿ. ಬಲಗೈಯವರಾದರೆ ಎಡ ಮೇಲಿನಿಂದ ಶುರು.

ಗೆರೆಗಾರ
ಸರಿ. ಹಳೆಯದರ ಮೇಲೆ ತೇಪೆ ಹಾಕದೆ ಹೊಸ ಹಾಳೆಗೆ ಹೋಗುತ್ತೇನೆ. ಎದೆಗೂಡು ಉದ್ದ, ಹೊಟ್ಟೆ ಅರ್ಧ ತಲೆ, ರೆಕ್ಕೆಯ ಹಲಗೆ ಹಿಂದೆ, ತಿರುಗಣಿ ಕಣ್ಣಿನ ಹಿಂದೆ, ನಾಳ ಮೊದಲೇ ಒತ್ತುವುದು. ತಲೆ ನಾಲ್ಕೂವರೆ ಸೆಂ.ಮೀ. ಇಟ್ಟು 2ಎಚ್ ಕರಡು ಮೊದಲು ಇಲ್ಲಿ ಹಾಕುತ್ತೇನೆ, ಹುರುಪೆಗೆ ಇನ್ನೂ ಹೋಗಲ್ಲ.

ಮೂಳೆಮಾತು
ಕರಡು ಹಾಕುವ ಮುಂಚೆ ಹಾಳೆಯನ್ನು ಕನ್ನಡಿಗೆ ಹಿಡಿದು ನೋಡಿ. ಎಡಬಲ ತಿರುಗಿದಾಗ ವಾಲಿದ ಹೆಗಲು ಕೂಡಲೇ ಸಿಕ್ಕಿಬೀಳುತ್ತದೆ.